ಪಿಕಪ್ ಹಿಂದೆ ಟ್ರೈಲರ್: ಯಾವ ಹಿಚ್ ನಿಮ್ಮ ಗಾಡಿಗೆ ಸರಿ?

ಅಮೆರಿಕದಲ್ಲಿ ಫೋರ್ಡ್ ಎಫ್-150, ಷೆವಿ ಸಿಲ್ವರಾಡೊ 1500, ರ‍್ಯಾಮ್ 1500, ಟೊಯೊಟಾ ಟಂಡ್ರಾ ಥರದ ಪಿಕಪ್ ಕೊಂಡ ನಮ್ಮವರು ಒಂದಲ್ಲ ಒಂದು ದಿನ ಟ್ರಾವೆಲ್ ಟ್ರೈಲರ್ ನೋಡಲು ಹೋಗುತ್ತಾರೆ. ಮಕ್ಕಳಿಗೆ ರಜೆ, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಯೊಸೆಮಿಟಿಗೋ ಯೆಲ್ಲೋಸ್ಟೋನಿಗೋ ಹೋಗಬೇಕು. ಹಾಸಿಗೆ, ಒಲೆ, ಬಾತ್‌ರೂಮು ಎಲ್ಲ ಜೊತೆಗೇ ಬಂದರೆ ಎಷ್ಟು ಅನುಕೂಲ ಅಲ್ವಾ? ಟ್ರೈಲರಿನ ಒಳಗಿನ ವ್ಯವಸ್ಥೆ ನೋಡಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಟ್ರಕ್ಕಿಗೆ ಕೂಡಿಸುವ ಹಿಚ್ ವಿಷಯ ಬಂದಾಗ ಮಾತ್ರ ಡೀಲರ್ ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾರೆ. ಆರು ಸಾವಿರ ಪೌಂಡ್ ಭಾರವನ್ನು ಹೈವೇಯಲ್ಲಿ ಎಳೆಯುವಾಗ ಟ್ರಕ್ಕು ನಿಮ್ಮ ಮಾತು ಕೇಳುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಆ ಹಿಚ್ ಮೇಲೇ ನಿಂತಿದೆ. ಹಾಗಾಗಿ ಯಾವ ಬಗೆಯ ವೇಟ್ ಡಿಸ್ಟ್ರಿಬ್ಯೂಷನ್ (ಭಾರ ಹಂಚುವ) ಹಿಚ್ ಯಾರಿಗೆ ಸರಿ ಎಂದು ಸ್ವಲ್ಪ ವಿವರವಾಗಿ ನೋಡೋಣ.

ಅದು ಮಾಡುವ ಕೆಲಸ ಏನು?

ಎತ್ತಿನ ಗಾಡಿಗೆ ಹೊರೆ ಹೇರುವವರಿಗೆ ಮುಂಭಾರ, ಹಿಂಭಾರ ಎಂದರೆ ಏನೆಂದು ಗೊತ್ತು. ಮುಂಭಾರ ಜಾಸ್ತಿಯಾದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೆ ಏಳುತ್ತದೆ. ಟ್ರೈಲರಿನದೂ ಇದೇ ಲೆಕ್ಕ. ಅದರ ಮೂತಿ ಟ್ರಕ್ಕಿನ ಹಿಚ್ ಗುಂಡಿನ (ಬಾಲ್) ಮೇಲೆ ಒತ್ತುವ ಭಾರವನ್ನು ಟಂಗ್ ವೇಟ್ ಎನ್ನುತ್ತಾರೆ. ಟ್ರೈಲರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಅಲ್ಲಿ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಇದನ್ನೇ ಸ್ವೇ ಎನ್ನುವುದು.

ತೊಂದರೆ ಏನೆಂದರೆ, ಹಿಚ್ ಗುಂಡು ಇರುವುದು ಟ್ರಕ್ಕಿನ ಹಿಂದಿನ ಆಕ್ಸಲ್‌ಗಿಂತ ಐದಾರು ಅಡಿ ಹಿಂದೆ. ಅಲ್ಲಿ ಒತ್ತಿದರೆ ಹಿಂಬದಿ ಕುಸಿಯುತ್ತದೆ, ಮುಂಬದಿ ಏಳುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಟ್ರಕ್ಕಿನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 145 ಇಂಚು, ಹಿಂದಿನ ಆಕ್ಸಲ್‌ನಿಂದ ಗುಂಡಿಗೆ 65 ಇಂಚು, ಟಂಗ್ ವೇಟ್ 700 ಪೌಂಡ್ ಎಂದುಕೊಳ್ಳಿ. ಆಗ ಮುಂದಿನ ಚಕ್ರಗಳ ಮೇಲಿಂದ ಸುಮಾರು 314 ಪೌಂಡ್ ಭಾರ ಹೊರಟುಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ 700 ಅಲ್ಲ, 1,014 ಪೌಂಡ್ ಬೀಳುತ್ತದೆ. ಸ್ಟೀರಿಂಗ್ ತಿರುಗಿಸುವ ಚಕ್ರ, ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡುವ ಚಕ್ರ ಎರಡೂ ಮುಂದಿನವೇ. ಅವೇ ಹಗುರಾದರೆ ಮಳೆಯಲ್ಲಿ, ತಿರುವಿನಲ್ಲಿ ಏನಾಗಬಹುದು ಎಂದು ಊಹಿಸಿಕೊಳ್ಳಿ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಬೇರೆ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನಲ್ಲಿ ಎರಡು ಗಟ್ಟಿ ಸ್ಪ್ರಿಂಗ್ ಬಾರ್‌ಗಳು ಹಿಚ್ ತಲೆಯಿಂದ ಹೊರಟು ಟ್ರೈಲರಿನ ಮೂತಿಯ ಚೌಕಟ್ಟಿನ ಉದ್ದಕ್ಕೂ ಹಿಂದಕ್ಕೆ ಚಾಚಿರುತ್ತವೆ. ಅವುಗಳ ತುದಿಯನ್ನು ಮೇಲಕ್ಕೆ ಬಿಗಿದಾಗ ಹಿಚ್ ತಲೆಯನ್ನು ಮೀಟಿದಂತಾಗಿ, ಕುಸಿದ ಹಿಂಬದಿ ಏಳುತ್ತದೆ. ಹಿಂದಿನ ಆಕ್ಸಲ್‌ನ ಭಾರದಲ್ಲಿ ಒಂದು ಪಾಲು ಟ್ರಕ್ಕಿನ ಮುಂದಿನ ಆಕ್ಸಲ್‌ಗೆ, ಇನ್ನೊಂದು ಪಾಲು ಟ್ರೈಲರಿನ ಚಕ್ರಗಳಿಗೆ ಹೋಗುತ್ತದೆ. ಮೇಲಿನ ಲೆಕ್ಕದಲ್ಲೇ, ಗುಂಡಿನಿಂದ ಟ್ರೈಲರ್ ಆಕ್ಸಲ್‌ಗೆ 17 ಅಡಿ ಇದ್ದು, ಮುಂದೆ ಕಳೆದ ಭಾರದಲ್ಲಿ ಅರ್ಧದಷ್ಟನ್ನು ಮರಳಿಸಿದರೆ ಮುಂದಕ್ಕೆ 157 ಪೌಂಡ್ ವಾಪಸ್ ಬರುತ್ತದೆ. ಟ್ರೈಲರ್ ಚಕ್ರಗಳಿಗೆ ಸುಮಾರು 85 ಪೌಂಡ್ ಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ 1,014 ಇದ್ದದ್ದು 772ಕ್ಕೆ ಇಳಿಯುತ್ತದೆ.

ನಿಮಗೆ ಇದು ಬೇಕೇ?

ಇದಕ್ಕೆ ಉತ್ತರ ನಿಮ್ಮ ಗಾಡಿಯ ಮೇಲೇ ಬರೆದಿರುತ್ತದೆ. ಬಂಪರ್ ಕೆಳಗೆ ಬಗ್ಗಿ ರಿಸೀವರ್ (ಹಿಚ್ ತೂರಿಸುವ ಚೌಕ ಕೊಳವೆ) ಮೇಲಿನ ಸ್ಟಿಕ್ಕರ್ ನೋಡಿ. ಅದರಲ್ಲಿ ಎರಡು ಸಾಲು ಇರುತ್ತದೆ: ವೇಟ್ ಕ್ಯಾರಿಯಿಂಗ್ ಒಂದು, ವೇಟ್ ಡಿಸ್ಟ್ರಿಬ್ಯೂಟಿಂಗ್ ಇನ್ನೊಂದು. ಎಫ್-150, ಸಿಲ್ವರಾಡೊ 1500 ಥರದ ಹಲವು ಹಾಫ್-ಟನ್ ಪಿಕಪ್‌ಗಳಲ್ಲಿ ಮೊದಲ ಸಾಲು 5,000 ಪೌಂಡ್ ಟ್ರೈಲರ್, 500 ಪೌಂಡ್ ಟಂಗ್ ಎಂದೇ ಇರುತ್ತದೆ. ಜಾಹೀರಾತಿನಲ್ಲಿ ಹನ್ನೊಂದು ಸಾವಿರ, ಹದಿಮೂರು ಸಾವಿರ ಎಂದು ಹೇಳುವ ಸಂಖ್ಯೆ ಎರಡನೆಯ ಸಾಲಿನದು. ಅಂದರೆ ಸುಮ್ನೆ ಗುಂಡಿಗೆ ಸಿಕ್ಕಿಸಿ ಎಳೆಯುವುದಾದರೆ ಆ ಗಾಡಿಗೆ ಮಿತಿ 5,000 ಮಾತ್ರ. ಎರಡು ಆಕ್ಸಲ್ ಇರುವ ಸಾಧಾರಣ ಕುಟುಂಬದ ಟ್ರಾವೆಲ್ ಟ್ರೈಲರ್ ಸಾಮಾನು ತುಂಬಿದ ಮೇಲೆ ಅದನ್ನು ಸುಲಭವಾಗಿ ದಾಟುತ್ತದೆ.

ಎಲ್ಲ ಗಾಡಿಗೂ ಇದು ಒಗ್ಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಹೋಂಡಾ ರಿಡ್ಜ್‌ಲೈನ್ 5,000 ಪೌಂಡ್ ಎಳೆಯಬಲ್ಲದು. ಆದರೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಬೇಡಿ ಎಂದು ಹೋಂಡಾ ಕೈಪಿಡಿಯೇ ಹೇಳುತ್ತದೆ. ಅಂಗಡಿಯವರ ಮಾತಿಗಿಂತ ನಿಮ್ಮ ಗಾಡಿಯ, ನಿಮ್ಮ ವರ್ಷದ ಕೈಪಿಡಿಯ ಮಾತೇ ಕೊನೆ. ಇನ್ನು ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500 ಥರದ ಹೆವಿ ಡ್ಯೂಟಿ ಗಾಡಿಗಳ ರಿಸೀವರ್ ಬರೀ ಗುಂಡಿನ ಮೇಲೇ ಬಹಳ ಹೆಚ್ಚು ಭಾರ ಹೊರುತ್ತದೆ. ಅಂಥವರಿಗೆ ಆರೇಳು ಸಾವಿರ ಪೌಂಡಿನ ಟ್ರೈಲರ್‌ಗೆ ಇದು ಕಡ್ಡಾಯವಲ್ಲ. ಸ್ವೇ ತಡೆಯಲು ಬೇಕಾದರೆ ಹಾಕಿಕೊಳ್ಳಬಹುದು.

‘ಏರ್‌ಬ್ಯಾಗ್ ಹಾಕಿಸಿದರೆ ಸಾಕಲ್ವಾ, ಹಿಂದೆ ಕುಸಿಯುವುದೇ ಇಲ್ಲ’ ಎನ್ನುವವರು ಬಹಳ ಜನ. ಹಿಂದಿನ ಸ್ಪ್ರಿಂಗ್‌ಗೆ ಕೂಡಿಸುವ ಏರ್‌ಬ್ಯಾಗ್ ಅಥವಾ ರಬ್ಬರ್ ಸ್ಪ್ರಿಂಗ್ ಗಾಡಿಯನ್ನು ಸಮಮಟ್ಟಕ್ಕೆ ತರುತ್ತದೆ, ನಿಜ. ಆದರೆ ಮುಂದಿನ ಚಕ್ರಗಳಿಂದ ಹೋದ 314 ಪೌಂಡ್ ವಾಪಸ್ ಬರುವುದಿಲ್ಲ. ಹಿಂದಿನ ಆಕ್ಸಲ್ ಮೇಲಿನ 1,014 ಹಾಗೇ ಇರುತ್ತದೆ. ನೋಡಲು ಮಟ್ಟವಾಗಿದೆ, ಭಾರ ಮಾತ್ರ ಹಂಚಿಕೆಯಾಗಿಲ್ಲ. ಗುಂಡಿನ ಮೇಲೆ ಹೇರುವ ಟ್ರೈಲರ್‌ಗೆ ಏರ್‌ಬ್ಯಾಗನ್ನು ಹಿಚ್‌ನ ಬದಲಿಗೆ ಬಳಸಬೇಡಿ ಎಂದೇ ನಾನು ಒತ್ತಿ ಹೇಳುತ್ತೇನೆ. ಟ್ರಕ್ಕಿನ ಬೆಡ್‌ನಲ್ಲೇ (ಹಿಂದಿನ ತೆರೆದ ತೊಟ್ಟಿಯಲ್ಲಿ) ಭಾರ ಹೇರುವವರಿಗೆ ಅದು ಒಳ್ಳೆಯದೇ.

ಬಗೆಗಳು

ಎಲ್ಲಕ್ಕಿಂತ ಅಗ್ಗದ್ದು ದುಂಡು ಬಾರ್, ಚೈನ್ ಇರುವ ಹಳೆಯ ಮಾದರಿ. ಕೆಲಸ ಮಾಡುತ್ತದೆ. ಆದರೆ ಭಾರ ಹಂಚುವುದು ಬಿಟ್ಟರೆ ಸ್ವೇ ತಡೆಯಲು ಅದರಲ್ಲಿ ಏನೂ ಇಲ್ಲ. ಅದಕ್ಕೆ ಪಕ್ಕದಲ್ಲಿ ಪ್ರತ್ಯೇಕ ಫ್ರಿಕ್ಷನ್ ಬಾರ್ ಹಾಕುತ್ತಾರೆ. ಈ ಫ್ರಿಕ್ಷನ್ ಬಾರ್ ದೊಡ್ಡ ತಲೆನೋವು. ರಿವರ್ಸ್ ತೆಗೆಯುವ ಮುಂಚೆ ಕೆಳಗಿಳಿದು ಕಳಚಬೇಕು. ಜಾರುವ ರಸ್ತೆಯಲ್ಲಿ ಸಡಿಲ ಮಾಡಬೇಕು. ಕ್ಯಾಂಪ್‌ಗ್ರೌಂಡಿನಲ್ಲಿ ಕತ್ತಲಾದ ಮೇಲೆ ಹಿಂದಕ್ಕೆ ಸರಿಸುವಾಗ ಒಮ್ಮೆ ಮರೆತರೂ ಅದು ಬಾಗಿ ಹಾಳಾಗುತ್ತದೆ. ವರ್ಷಕ್ಕೆ ಒಂದೆರಡು ಸಲ, ಹತ್ತಿರದ ಕೆರೆಗೋ ಪಾರ್ಕಿಗೋ ಚಿಕ್ಕ ಟ್ರೈಲರ್ ಎಳೆಯುವವರಿಗೆ ಇದು ಸಾಕು. ಟ್ರನಿಯನ್ ಬಾರ್ ಎನ್ನುವ ಇನ್ನೊಂದು ರೂಪದಲ್ಲಿ ಬಾರ್‌ಗಳು ಹಿಚ್ ತಲೆಗೆ ಪಕ್ಕದಿಂದ ಸೇರುತ್ತವೆ. ಹಾಗಾಗಿ ನೆಲದಿಂದ ಸ್ವಲ್ಪ ಎತ್ತರದಲ್ಲಿರುತ್ತವೆ. ಮನೆಯ ಡ್ರೈವ್‌ವೇ ಇಳಿಜಾರಾಗಿದ್ದರೆ ಈ ಎತ್ತರ ಉಪಯೋಗಕ್ಕೆ ಬರುತ್ತದೆ.

ಹೆಚ್ಚಿನ ಕುಟುಂಬಗಳು ಆರಿಸಬೇಕಾದದ್ದು ಇದರ ಮುಂದಿನ ಮೆಟ್ಟಿಲಲ್ಲಿದೆ. ಭಾರ ಹಂಚುವ ಬಾರ್‌ಗಳೇ ಸ್ವೇಯನ್ನೂ ತಡೆಯುವ ಮಾದರಿ ಅದು. ಇಲ್ಲಿ ಎರಡು ಹೆಸರು ಎದುರುಬದುರು ನಿಲ್ಲುತ್ತವೆ.

ಒಂದು, ಯೂಟಾದ ಈಕ್ವಲೈಸರ್. ಇದರ ಬಾರ್‌ಗಳ ತುದಿ ಚೈನಿಗೆ ನೇತಾಡುವುದಿಲ್ಲ. ಟ್ರೈಲರ್ ಚೌಕಟ್ಟಿಗೆ ಬೋಲ್ಟ್ ಮಾಡಿದ ಬ್ರಾಕೆಟ್ ಮೇಲೆ ಕೂರುತ್ತದೆ. ಟ್ರೈಲರ್ ಅತ್ತಿತ್ತ ತಿರುಗಲು ನೋಡಿದಾಗ ಎರಡು ಬ್ರಾಕೆಟ್‌ಗಳಲ್ಲೂ, ಹಿಚ್ ತಲೆಯ ಎರಡು ಸಾಕೆಟ್‌ಗಳಲ್ಲೂ ಉಜ್ಜಾಟವಾಗಿ ತಡೆ ಹುಟ್ಟುತ್ತದೆ. ನಾಲ್ಕು ಕಡೆ ತಡೆ. ರಿವರ್ಸ್ ಮಾಡುವಾಗ ಏನನ್ನೂ ಕಳಚಬೇಕಿಲ್ಲ. ಬಿಗಿಯಾದ ತಿರುವಿನಲ್ಲಿ ಕರಕರ ಎಂದು ಶಬ್ದ ಬರುತ್ತದೆ. ಅಕ್ಕಪಕ್ಕದ ಟೆಂಟಿನವರು ತಿರುಗಿ ನೋಡುವಷ್ಟು ಜೋರಾಗಿಯೇ ಬರುತ್ತದೆ. ಸಾಕೆಟ್‌ಗಳಿಗೆ ಗ್ರೀಸ್ ಬೇಕು. ಹೊಂದಿಸುವುದಕ್ಕೆ ತಾಳ್ಮೆಯೂ ಬೇಕು. ತಲೆಯ ಓರೆಯನ್ನು ವಾಷರ್‌ಗಳ ಎಣಿಕೆಯಿಂದ ಸರಿಮಾಡಬೇಕು, ದೊಡ್ಡ ಟಾರ್ಕ್ ರೆಂಚ್ ಬೇಕು. ಒಮ್ಮೆ ಸರಿಯಾಗಿ ಕೂತರೆ ವರ್ಷಗಟ್ಟಲೆ ಅದರ ಚಿಂತೆ ಇರುವುದಿಲ್ಲ.

ಎರಡು, ನೆಬ್ರಾಸ್ಕಾದ ಬ್ಲೂ ಆಕ್ಸ್ ಸ್ವೇಪ್ರೋ. ಇದರಲ್ಲಿ ತಲೆಯ ಓರೆ ಮೊದಲೇ ಕಟ್ಟಿಕೊಟ್ಟಿರುತ್ತಾರೆ. ವಾಷರ್ ಎಣಿಸುವ ಕೆಲಸ ಇಲ್ಲ. ಬಾಗುವ ಸ್ಪ್ರಿಂಗ್ ಸ್ಟೀಲ್ ಬಾರ್‌ಗಳ ತುದಿಯಲ್ಲಿ ಚಿಕ್ಕ ಚೈನ್ ಇರುತ್ತದೆ. ಎಷ್ಟನೆಯ ಕೊಂಡಿಗೆ ಸಿಕ್ಕಿಸುತ್ತೀರಿ ಎನ್ನುವುದರ ಮೇಲೆ ಬಿಗಿತ ನಿಂತಿದೆ. ಲ್ಯಾಚನ್ನು ರೆಂಚ್ ಹಾಕಿ ತಿರುಗಿಸಿದರೆ ಆಯಿತು. ಶಬ್ದ ಬಹಳ ಕಡಿಮೆ. ಈಕ್ವಲೈಸರ್ ಉಜ್ಜಾಟದಿಂದ ತಡೆದರೆ ಇದು ಬಾರ್‌ಗಳ ಬಿಗಿತದಿಂದಲೇ ಟ್ರೈಲರನ್ನು ನೇರ ಸಾಲಿಗೆ ಎಳೆಯುತ್ತದೆ. ಬಾರ್‌ನ ರೇಟಿಂಗ್ ಸರಿಯಾಗಿ ಆರಿಸುವುದು ಇಲ್ಲಿ ಇನ್ನೂ ಮುಖ್ಯ. ಬೇಕಾದ್ದಕ್ಕಿಂತ ಮೃದುವಾದ ಬಾರ್ ತೆಗೆದುಕೊಂಡರೆ ಭಾರವೂ ಹಂಚುವುದಿಲ್ಲ, ಸ್ವೇಯೂ ನಿಲ್ಲುವುದಿಲ್ಲ.

ಇವೆರಡರಲ್ಲಿ ಯಾವುದು? ಗಾಳಿ ಹೊಡೆಯುವ ಬಯಲಿನಲ್ಲಿ, ಉದಾಹರಣೆಗೆ ವಯೋಮಿಂಗ್‌ನ ಐ-80 ಹೆದ್ದಾರಿ ಮೇಲೆ, ಉದ್ದದ ಟ್ರೈಲರ್ ಎಳೆಯುವವರಿಗೆ ನಾನು ಈಕ್ವಲೈಸರ್ ಹೇಳುತ್ತೇನೆ. ಸಂಜೆ ಹೊತ್ತಿನಲ್ಲಿ ಒಬ್ಬರೇ ಹಿಚ್ ಮಾಡಬೇಕು, ಗ್ರೀಸ್ ಮುಟ್ಟಲು ಇಷ್ಟವಿಲ್ಲ, ಶಬ್ದ ಬೇಡ ಎನ್ನುವವರಿಗೆ ಬ್ಲೂ ಆಕ್ಸ್. ಇಬ್ಬರದೂ ಬೆಲೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತದೆ. ಕೈ ಸ್ವಲ್ಪ ಬಿಗಿಯಿದ್ದರೆ ಈಕ್ವಲೈಸರ್ ಮಾಡುವವರದೇ ಫಾಸ್ಟ್‌ವೇ ಇ2 ಇದೆ. ಅದರಲ್ಲಿ ತಡೆ ಇರುವುದು ಬ್ರಾಕೆಟ್‌ಗಳಲ್ಲಿ ಮಾತ್ರ, ಎರಡೇ ಕಡೆ. ಇಪ್ಪತ್ತೆರಡು ಅಡಿಯೊಳಗಿನ ಟ್ರೈಲರ್‌ಗೆ ಅದು ಒಳ್ಳೆಯ ವ್ಯಾಪಾರ.

ಐಡಹೊದ ಆಂಡರ್ಸನ್ ಹಿಚ್ ಬೇರೆಯದೇ ಜಾತಿ. ಸ್ಪ್ರಿಂಗ್ ಬಾರ್‌ಗಳೇ ಇಲ್ಲ. ಎರಡು ಚೈನ್‌ಗಳನ್ನು ಗಟ್ಟಿ ಯುರಿಥೇನ್ ಬುಷ್‌ಗಳ ಮೂಲಕ ಬಿಗಿದು ಎಳೆದು ಹಿಡಿಯುತ್ತದೆ. ಗುಂಡೇ ಟ್ರೈಲರ್ ಜೊತೆ ತಿರುಗುತ್ತದೆ, ಅದರ ಕೆಳಗಿನ ಉಜ್ಜಾಟ ಸ್ವೇಯನ್ನು ತಡೆಯುತ್ತದೆ. ತೂಕ ಸುಮಾರು 60 ಪೌಂಡ್ ಅಷ್ಟೇ. ಬೇರೆಯವು ಸಾಮಾನ್ಯವಾಗಿ 80ರಿಂದ 100 ಇರುತ್ತವೆ. ಶಬ್ದವಿಲ್ಲ, ಗ್ರೀಸಿಲ್ಲ, ಬೆನ್ನು ನೋವಿರುವವರಿಗೆ ವರ. ಆದರೆ ಮುಂದಿನ ಆಕ್ಸಲ್‌ಗೆ ಭಾರ ಮರಳಿಸುವ ಶಕ್ತಿ ಸ್ಪ್ರಿಂಗ್ ಬಾರ್‌ಗಳಷ್ಟು ಇಲ್ಲ. 500, 600 ಪೌಂಡ್ ಟಂಗ್ ಇರುವ ಟ್ರೈಲರ್‌ಗೆ ಚೆನ್ನಾಗಿ ಹೊಂದುತ್ತದೆ. 900 ಪೌಂಡ್ ಟಂಗ್, ಹಾಫ್-ಟನ್ ಟ್ರಕ್ ಎಂದರೆ ನಾನು ಬೇಡ ಎನ್ನುತ್ತೇನೆ.

ಎಲ್ಲದರ ಮೇಲೆ ಹೆನ್ಸ್‌ಲೀ ಮತ್ತು ಪ್ರೋಪ್ರೈಡ್ ಇವೆ, ಎರಡೂ ಮಿಷಿಗನ್‌ನವು. ಇವು ಸ್ವೇಯನ್ನು ಉಜ್ಜಾಟದಿಂದ ತಡೆಯುವುದಿಲ್ಲ. ಕೊಂಡಿಗಳ ಜೋಡಣೆಯಿಂದ, ಟ್ರೈಲರ್ ತಿರುಗುವ ಬಿಂದುವೇ ಟ್ರಕ್ಕಿನ ಹಿಂದಿನ ಆಕ್ಸಲ್ ಹತ್ತಿರ ಇರುವಂತೆ ಮಾಡುತ್ತವೆ. ಗಾಳಿ ಟ್ರೈಲರನ್ನು ತಳ್ಳಿದಾಗ ಅದು ಟ್ರಕ್ಕಿನ ಬಾಲವನ್ನು ಪಕ್ಕಕ್ಕೆ ದೂಡಲು ಆಗುವುದಿಲ್ಲ. ಬೆಲೆ ಮೂರು ಸಾವಿರ ಡಾಲರ್ ಆಸುಪಾಸು, ಅದಕ್ಕೂ ಮೇಲೆ. ತೂಕ 150 ಪೌಂಡ್ ಮೀರುತ್ತದೆ. ಹಿಚ್ ಮಾಡುವಾಗ ಟ್ರಕ್ಕನ್ನು ಅಳತೆ ತಪ್ಪದಂತೆ ನೇರವಾಗಿ ಹಿಂದಕ್ಕೆ ತರಬೇಕು. ಮೂವತ್ತು ಅಡಿಯ ಟ್ರೈಲರನ್ನು ವರ್ಷವಿಡೀ ಎಳೆಯುವ ನಿವೃತ್ತ ದಂಪತಿಗೆ ಇದು ಸಾರ್ಥಕ ಖರ್ಚು. ಬೇಸಿಗೆ ರಜೆಗೆ ಮಾತ್ರ ಹೊರಡುವವರಿಗೆ ಬೇಕಿಲ್ಲ.

ದೋಣಿ ಟ್ರೈಲರ್ ಇರುವವರಿಗೆ ಒಂದು ಮಾತು. ಅವುಗಳಲ್ಲಿ ಹೆಚ್ಚಾಗಿ ಸರ್ಜ್ ಬ್ರೇಕ್ ಇರುತ್ತದೆ. ಟ್ರೈಲರ್ ಮುಂದಕ್ಕೆ ಒತ್ತಿದಾಗಲೇ ಅದು ಕೆಲಸ ಮಾಡುವುದು. ಆ ಒತ್ತಡವನ್ನು ಹಿಚ್ ಹಿಡಿದುಕೊಂಡರೆ ಬ್ರೇಕೇ ಬೀಳುವುದಿಲ್ಲ. ಸರ್ಜ್ ಬ್ರೇಕ್ ಜೊತೆ ಬಳಸಬಹುದು ಎಂದು ಹಿಚ್ ತಯಾರಕರು ಬರೆದು ಕೊಟ್ಟಿದ್ದರೆ ಮಾತ್ರ ಕೊಳ್ಳಿ.

ಎಷ್ಟು ಪೌಂಡಿನ ಬಾರ್?

ಬಾರ್ ರೇಟಿಂಗ್ ಆರಿಸುವುದು ಟಂಗ್ ವೇಟ್ ನೋಡಿ. ಈಕ್ವಲೈಸರ್‌ನಲ್ಲಿ 600, 1,000, 1,200, 1,400 ಪೌಂಡ್ ಎಂದು ಮೆಟ್ಟಿಲುಗಳಿವೆ. ತಪ್ಪು ನಡೆಯುವುದು ಇಲ್ಲೇ. ಬ್ರೋಷರ್‌ನಲ್ಲಿ ‘ಹಿಚ್ ವೇಟ್ 520’ ಎಂದಿರುತ್ತದೆ, 600 ಪೌಂಡಿನದು ಸಾಕು ಎಂದುಕೊಳ್ಳುತ್ತೇವೆ. ಆ 520 ಖಾಲಿ ಟ್ರೈಲರಿನದು. ಮೂತಿಯ ಮೇಲೆ ಕೂರುವ ಎರಡು ಪ್ರೊಪೇನ್ ಸಿಲಿಂಡರ್ ತುಂಬಿದರೆ ಅವೇ ಸುಮಾರು 75 ಪೌಂಡ್. ಬ್ಯಾಟರಿ 50, 60. ಮುಂದಿನ ಡಿಕ್ಕಿಯಲ್ಲಿ ಕುರ್ಚಿ, ಪೈಪು, ಗ್ರಿಲ್. ಅಕ್ಕಿ ಮೂಟೆ, ಕುಕ್ಕರ್, ಗ್ರೈಂಡರ್ ಒಳಗಿನ ಅಡುಗೆಮನೆಯಲ್ಲಿ. ನೀರು ಗ್ಯಾಲನ್ನಿಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ಪೌಂಡ್. ಟ್ಯಾಂಕ್ ಆಕ್ಸಲ್ ಮುಂದಿದ್ದರೆ ಟಂಗ್ ಭಾರ ಏರುತ್ತದೆ, ಹಿಂದಿದ್ದರೆ ಇಳಿಯುತ್ತದೆ. ಹೊರಡುವ ದಿನ ಇರುವ ತೂಕದ ಶೇಕಡ 13ರ ಲೆಕ್ಕ ಹಿಡಿಯಿರಿ. 6,000 ಪೌಂಡ್ ಎಂದರೆ 780. ಟ್ರಕ್ಕಿನ ಬೆಡ್‌ನಲ್ಲಿ ಹಿಂದಿನ ಆಕ್ಸಲ್‌ಗಿಂತ ಹಿಂದೆ ಸಾಮಾನು ಇಡುತ್ತೀರಾದರೆ ಅದನ್ನೂ ಸೇರಿಸಿ. ಇಲ್ಲಿ 1,000ದ ಬಾರ್ ಸರಿ. ಹಾಗೆಂದು ‘ಇರಲಿ, ಜಾಸ್ತಿಯದೇ ಒಳ್ಳೆಯದು’ ಎಂದು 1,400 ಕೊಳ್ಳಬೇಡಿ. ತೀರ ಗಟ್ಟಿ ಬಾರ್ ಬಾಗುವುದಿಲ್ಲ. ರಸ್ತೆಯ ಪ್ರತಿ ಕುಲುಕಾಟವೂ ನೇರ ಟ್ರೈಲರ್ ಚೌಕಟ್ಟಿಗೆ ಹೊಡೆಯುತ್ತದೆ.

ಪೇಲೋಡ್ ಎಂಬ ಗೋಡೆ

ಯಾವ ಹಿಚ್ ಕೊಂಡರೂ ಟ್ರಕ್ಕಿನ ಮಿತಿ ಒಂದು ಪೌಂಡೂ ಏರುವುದಿಲ್ಲ. ಡ್ರೈವರ್ ಬಾಗಿಲ ಚೌಕಟ್ಟಿನ ಮೇಲೆ ಹಳದಿ ಗುರುತಿನ ಬಿಳಿ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. 1,500 ಎಂದುಕೊಳ್ಳಿ. ಮನೆಯವರು ಐದು ಜನ 700. ಬೆಡ್‌ನಲ್ಲಿ ಸೈಕಲ್, ಕೂಲರ್, ಜನರೇಟರ್ 150. ಹಿಚ್ 90. ಟಂಗ್ 700. ಕೂಡಿಸಿದರೆ 1,640. ಆಗಲೇ ಮೀರಿತು! ಟ್ರೈಲರ್ ಚಕ್ರಗಳಿಗೆ ಎಂಬತ್ತೈದು ಪೌಂಡ್ ಹೋಗುತ್ತದಲ್ಲ ಎಂದರೂ ಲೆಕ್ಕ ಕೂಡುವುದಿಲ್ಲ. ಎಳೆಯುವ ಶಕ್ತಿಯ ರೇಟಿಂಗ್ 11,000 ಇದ್ದರೂ ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಆ ರೇಟಿಂಗ್ ಕೊಡುವ ಎಸ್‌ಎಇ ಜೆ2807 ಮಾನದಂಡದಲ್ಲಿ ಗಾಡಿಯೊಳಗೆ ತಲಾ 150 ಪೌಂಡಿನ ಇಬ್ಬರನ್ನು ಮಾತ್ರ ಕೂರಿಸಿ ಲೆಕ್ಕ ಹಾಕುತ್ತಾರೆ. ಅಜ್ಜ ಅಜ್ಜಿ, ಮಕ್ಕಳು ಆ ಲೆಕ್ಕದಲ್ಲಿ ಇಲ್ಲ. ಹೀಗೆ ಮೀರಿದಾಗ ಇನ್ನೂ ದುಬಾರಿ ಹಿಚ್ ಹುಡುಕಬೇಡಿ. ಚಿಕ್ಕ ಟ್ರೈಲರ್ ಅಥವಾ ದೊಡ್ಡ ಟ್ರಕ್, ಇವೆರಡೇ ದಾರಿ.

ಹೊಂದಿಸುವುದು, ತೂಗುವುದು

ಡೀಲರ್ ಕೂಡಿಸಿ ಕೊಡುವುದು ಖಾಲಿ ಟ್ರೈಲರ್‌ಗೆ. ಆದ್ದರಿಂದ ಸಾಮಾನು ತುಂಬಿದ ಮೇಲೆ ನೀವೇ ಮತ್ತೆ ಅಳೆಯಬೇಕು. ಮಟ್ಟವಾದ ಜಾಗದಲ್ಲಿ ನಿಲ್ಲಿಸಿ. ಟ್ರೈಲರ್ ಇಲ್ಲದೆ ಮುಂದಿನ ಚಕ್ರದ ಮೇಲಿನ ಕಮಾನಿನ ಎತ್ತರ ಅಳೆಯಿರಿ. 38 ಇಂಚು ಬಂತು ಎನ್ನಿ. ಟ್ರೈಲರ್ ಸಿಕ್ಕಿಸಿ, ಬಾರ್ ಹಾಕದೆ ಅಳೆದಾಗ 39 ಬಂತು. ಬಾರ್ ಬಿಗಿದ ಮೇಲೆ 38.5ಕ್ಕೆ ಇಳಿದರೆ ಏರಿದ್ದರಲ್ಲಿ ಅರ್ಧ ವಾಪಸ್ ಬಂದಂತೆ. ಫೋರ್ಡ್ ಎಫ್-150 ಕೈಪಿಡಿ ಕೇಳುವುದು ಇಷ್ಟನ್ನೇ. ಬೇರೆ ಗಾಡಿಯವರು ಬೇರೆ ಪ್ರಮಾಣ ಹೇಳಿರಬಹುದು, ಕೈಪಿಡಿ ತೆಗೆದು ನೋಡಿ. 38ಕ್ಕಿಂತ ಕೆಳಗೆ ಮಾತ್ರ ಎಂದೂ ಹೋಗಬಾರದು. ಆಗ ಹಿಂದಿನ ಚಕ್ರಗಳು ಹಗುರಾಗಿ ಒದ್ದೆ ರಸ್ತೆಯ ತಿರುವಿನಲ್ಲಿ ಟ್ರಕ್ಕಿನ ಬಾಲ ಜಾರುತ್ತದೆ. ಏರ್ ಸಸ್ಪೆನ್ಷನ್ ಇರುವ ಗಾಡಿಗಳು ತಾವಾಗಿಯೇ ಎತ್ತರ ಸರಿಮಾಡಿಕೊಂಡುಬಿಡುತ್ತವೆ. ಅಳೆಯುವಾಗ ಅದನ್ನು ಯಾವ ಸ್ಥಿತಿಯಲ್ಲಿಡಬೇಕು ಎನ್ನುವುದೂ ಕೈಪಿಡಿಯಲ್ಲಿರುತ್ತದೆ.

ಬಾರ್ ಬಿಗಿಯುವಾಗ ತೋಳ್ಬಲ ಬೇಡ. ಕಪ್ಲರ್ (ಗುಂಡನ್ನು ಹಿಡಿಯುವ ಟ್ರೈಲರ್ ಮೂತಿಯ ಬಾಯಿ) ಲಾಕ್ ಮಾಡಿ, ಟ್ರೈಲರ್ ಮೂತಿಯ ಜಾಕ್‌ನಿಂದ ಟ್ರಕ್ಕಿನ ಹಿಂಬದಿಯನ್ನೇ ಎತ್ತಿ. ಬಾರ್‌ಗಳು ಸಡಿಲವಾಗಿ ಜಾಗಕ್ಕೆ ಕೂರುತ್ತವೆ. ಬಿಗಿದ ಬಾರ್ ಕೈ ಜಾರಿದರೆ ಮೂಳೆ ಮುರಿಯುವಷ್ಟು ಜೋರಾಗಿ ಹೊಡೆಯುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ.

ಆಮೇಲೆ ಟ್ರಕ್ ಸ್ಟಾಪ್‌ಗೆ ಹೋಗಿ ಕ್ಯಾಟ್ ಸ್ಕೇಲ್ ಎನ್ನುವ, ಲಾರಿ ತೂಗುವ ತಕ್ಕಡಿಯ ಮೇಲೆ ತೂಗಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರೂ ಬೇರೆ ಬೇರೆ ತಟ್ಟೆಯ ಮೇಲೆ ಬರುತ್ತವೆ. ಬಾರ್ ಹಾಕಿ ಒಂದು ಸಲ, ಬಾರ್ ತೆಗೆದು ಒಂದು ಸಲ, ಟ್ರೈಲರ್ ಬಿಚ್ಚಿ ಟ್ರಕ್ ಮಾತ್ರ ಒಂದು ಸಲ. ಎರಡನೆಯ ತೂಕದಲ್ಲಿ ಟ್ರಕ್ಕಿನ ಎರಡು ಆಕ್ಸಲ್ ಕೂಡಿಸಿ, ಮೂರನೆಯದರಲ್ಲಿ ಬಂದ ಮೊತ್ತವನ್ನು ಕಳೆದರೆ ನಿಜವಾದ ಟಂಗ್ ವೇಟ್ ಸಿಗುತ್ತದೆ. ಮೊದಲನೆಯ ತೂಕ ಹಿಚ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುತ್ತದೆ. ಇದಕ್ಕಾಗುವ ಖರ್ಚು ಮನೆಯವರೆಲ್ಲ ಒಮ್ಮೆ ಹೊರಗೆ ಊಟ ಮಾಡುವುದಕ್ಕಿಂತ ಕಡಿಮೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಅರ್ಧ ಗಂಟೆ ಇನ್ನೊಂದಿಲ್ಲ.

ಹಿಂಭಾರ ಜಾಸ್ತಿಯಿರುವ ಟ್ರೈಲರನ್ನು ಯಾವ ಹಿಚ್ಚೂ ಸರಿಮಾಡುವುದಿಲ್ಲ. ಹಿಂದಿನ ಬಂಪರ್ ಮೇಲೆ ನಾಲ್ಕು ಸೈಕಲ್ ನೇತುಹಾಕಿ, ಸ್ವೇ ಬಂತೆಂದು ಹಿಚ್ ಬದಲಿಸುವುದು ದುಡ್ಡು ದಂಡ. ಮೊದಲು ಸಾಮಾನು ಮುಂದಕ್ಕೆ ಸರಿಸಿ, ಟೈರ್ ಗಾಳಿ ನೋಡಿ, ವೇಗ ಇಳಿಸಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ಗಾಡಿಗೆ ಕಾನೂನಿನ ಮಿತಿಯೇ ಗಂಟೆಗೆ 55 ಮೈಲಿ. ಹಲವು ಟ್ರೈಲರ್ ಟೈರ್‌ಗಳ ಮಿತಿ 65. ಅಕಸ್ಮಾತ್ ಸ್ವೇ ಶುರುವಾದರೆ ಟ್ರಕ್ಕಿನ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಎಳೆದಾಡಬೇಡಿ. ಆಕ್ಸಲರೇಟರ್ ಬಿಟ್ಟು, ಬ್ರೇಕ್ ಕಂಟ್ರೋಲರ್‌ನ ಕೈಗುಂಡಿ ಒತ್ತಿ ಟ್ರೈಲರಿನ ಬ್ರೇಕ್ ಮಾತ್ರ ಹಾಕಿ. ಆ ಗುಂಡಿ ಎಲ್ಲಿದೆ ಎಂದು ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ನೋಡದೆಯೇ ಗೊತ್ತಿರಬೇಕು.

ಸೆಕೆಂಡ್ ಹ್ಯಾಂಡ್ ಹಿಚ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಈ ಉಕ್ಕು ಸುಲಭಕ್ಕೆ ಸವೆಯುವುದಿಲ್ಲ. ಬಾರ್ ಮೇಲಿನ ರೇಟಿಂಗ್ ಓದಲು ಬರುತ್ತದೋ ನೋಡಿ. ಸಾಕೆಟ್ ಒಳಗೆ, ಬೆಸುಗೆಯ ಅಂಚಿನಲ್ಲಿ ಬಿರುಕಿದೆಯೇ ನೋಡಿ. ಗುಂಡು ಅಲ್ಲಾಡಬಾರದು, ಅದರ ಅಳತೆ ನಿಮ್ಮ ಕಪ್ಲರ್‌ಗೆ ಹೊಂದಬೇಕು. ಬೋಲ್ಟ್, ನಟ್, ವಾಷರ್ ಎಲ್ಲ ಹೊಸದು ತರಿಸಿಕೊಳ್ಳಿ. ರಿಸೀವರ್ ಒಳಗೆ ಹೋಗುವ ಶ್ಯಾಂಕ್ ಹಳೆಯ ಮಾಲೀಕರ ಟ್ರಕ್ಕಿನ ಎತ್ತರಕ್ಕೆ ಹೊಂದಿದ್ದು. ನಿಮ್ಮ ಎತ್ತರಕ್ಕೆ ತೂತುಗಳು ಸಾಲದಿದ್ದರೆ ಅದೊಂದನ್ನು ಬೇರೆ ಕೊಳ್ಳಬೇಕಾಗುತ್ತದೆ. ಚೌಕಾಸಿ ಮಾಡುವಾಗ ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂಡಿಸಿದ ಮೇಲೆ ಮೊದಲ ಐವತ್ತು ಮೈಲಿ ಓಡಿಸಿ, ನಿಲ್ಲಿಸಿ, ಬೋಲ್ಟ್‌ಗಳ ಬಿಗಿತವನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ನೋಡಿ.